ತೊರವಿಯ ದಿಣ್ಣೆ ಉಳಿದರೆ ಬಾವಡಿ ಉಳಿದೀತು

ವಿಜಯಪುರಕ್ಕೆ ನದಿ ಇಲ್ಲ. ಭೀಮೆ ಉತ್ತರಕ್ಕೆ ದೂರ, ಕೃಷ್ಣೆ ದಕ್ಷಿಣಕ್ಕೆ ದೂರ, ನಡುವೆ ಹರಿಯುವ ಡೋಣಿಯ ನೀರು ಸವಳು. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು, ಅದೂ ನಂಬುವ ಹಾಗಿಲ್ಲ. ಇಂಥ ಮಡ್ಡಿಯ ಮೇಲೆ ಸುಮಾರು ಇನ್ನೂರು ವರ್ಷ, 1490ರ ಆಸುಪಾಸಿನಿಂದ 1686ರವರೆಗೆ, ದಖ್ಖನಿನ ದೊಡ್ಡ ರಾಜ್ಯವೊಂದರ, ಆದಿಲ್ ಶಾಹಿಗಳ ರಾಜ್ಯದ, ರಾಜಧಾನಿ ನಿಂತಿತ್ತು. ಅಷ್ಟು ಜನ, ಅಷ್ಟು ಕುದುರೆ, ಆನೆ, ತೋಟ, ಹಮಾಮು ಇದ್ದ ಊರಿಗೆ ನೀರು ಎಲ್ಲಿಂದ ಬಂತು?

ಈ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಪ್ರತಿ ವರ್ಷ ಎಂಟನೇ ಇಯತ್ತೆಯ ಮಕ್ಕಳ ಮುಂದೆ ಈ ಪ್ರಶ್ನೆ ಇಡುತ್ತಿದ್ದೆ. ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್ ಎಂದು ಅವು ಥಟ್ಟನೆ ಹೇಳುತ್ತಿದ್ದವು, ಮಾತು ಎಷ್ಟು ಸಲ ಮರುದನಿಸುತ್ತದೆ ಎಂದೂ ಹೇಳುತ್ತಿದ್ದವು. ನೀರಿನ ಪ್ರಶ್ನೆಗೆ ಮಾತ್ರ ತರಗತಿ ಸುಮ್ಮನಾಗುತ್ತಿತ್ತು. ತಪ್ಪು ಮಕ್ಕಳದಲ್ಲ. ಪಠ್ಯದಲ್ಲಿ ಅದು ಇರಲಿಲ್ಲ, ಪ್ರವಾಸಿ ನಕಾಶೆಯಲ್ಲಿ ಇರಲಿಲ್ಲ, ಮನೆಯ ಹಿರಿಯರ ಮಾತಿನಲ್ಲೂ ಬಾವಡಿ (ಮೆಟ್ಟಿಲಿಳಿಯುವ ದೊಡ್ಡ ಬಾವಿ) ಎಂದರೆ ಮಕ್ಕಳು ಹೋಗಬಾರದ ಜಾಗ, ಅಷ್ಟೇ ಆಗಿತ್ತು.

ನಮ್ಮ ಊರಿನ ಪಡುವಣಕ್ಕೆ ಐದಾರು ಕಿಲೋಮೀಟರ್ ಹೋದರೆ ತೊರವಿ. ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದ ಊರು, ಆತನ ಆರಾಧ್ಯದೈವ ನರಸಿಂಹನ ಗುಡಿ ಇರುವ ಊರು. ಕನ್ನಡದ ಓದುಗರಿಗೆ ತೊರವಿ ಗೊತ್ತಿರುವುದು ಇಷ್ಟಕ್ಕೆ. ವಿಜಯಪುರದ ನೀರಿನ ಕತೆಯೂ ಅಲ್ಲಿಂದಲೇ ಶುರುವಾಗುತ್ತದೆ. ತೊರವಿಯ ನೆಲ ಊರಿಗಿಂತ ಎತ್ತರ. ಅಲ್ಲಿ ಸುರಂಗ ಬಾವಡಿ ಇದೆ. ಅಲ್ಲಿನ ನೀರನ್ನು ಕಲ್ಲಿನೊಳಗೆ ಕೊರೆದ ಸುರಂಗದ ಮೂಲಕ ಊರಿಗೆ ಹರಿಸಿದರು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ನೇರ ಕೆಳಗೆ ಇಳಿದ ಬಾವಿಗಳಿವೆ. ಅಗೆಯುವಾಗ ಮಣ್ಣು ಕಲ್ಲು ಮೇಲೆತ್ತಲು, ಆಮೇಲೆ ಗಾಳಿ ಆಡಲು, ಹೂಳು ತುಂಬಿದರೆ ಆಳು ಇಳಿಯಲು ಅವೇ ದಾರಿ. ಇದನ್ನು ಕರೇಜ್ ಎನ್ನುತ್ತಾರೆ, ಇರಾನಿನ ಒಣನಾಡಿನವರ ವಿದ್ಯೆ. ಬೀದರಿನಲ್ಲೂ ಇದೆ.

ನಮ್ಮ ಕಲ್ಲಿಗೆ ಈ ವಿದ್ಯೆ ಹೇಗೆ ಒಗ್ಗಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ವಾದವೆಲ್ಲ ಅದರ ಮೇಲೆ ನಿಂತಿದೆ. ಇಲ್ಲಿನ ನೆಲ ಲಾವಾರಸ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ ಕರಿಕಲ್ಲು. ಒಂದು ಪದರ ಗಟ್ಟಿ, ಅದರಲ್ಲಿ ನೀರು ಇಂಗುವುದಿಲ್ಲ. ಅದರ ಮೇಲಿನದೋ ಕೆಳಗಿನದೋ ರಂಧ್ರಗಳಿರುವ, ಕೊಳೆತು ಸಡಿಲಾದ ಪದರ, ಅದರಲ್ಲಿ ನೀರು ನಿಲ್ಲುತ್ತದೆ, ನಿಧಾನ ಸರಿಯುತ್ತದೆ. ದಿಣ್ಣೆಯ ಮೇಲೆ ಬಿದ್ದ ಮಳೆ ಸಡಿಲ ಪದರಕ್ಕೆ ಇಳಿದು, ಕೆಳಗಿನ ಗಟ್ಟಿ ಕಲ್ಲಿಗೆ ತಾಗಿ, ಇಳಿಜಾರು ಹಿಡಿದು ಅಡ್ಡಕ್ಕೆ ಹರಿಯುತ್ತದೆ. ಸುರಂಗ ತೋಡಿದವರು ಹಿಡಿದದ್ದು ಈ ಅಡ್ಡ ಹರಿವನ್ನು. ದಿಣ್ಣೆಯ ಮೇಲಿನ ನೆಲ ಮಳೆ ಕುಡಿದರೆ ಸುರಂಗದಲ್ಲಿ ನೀರು, ಕುಡಿಯದಿದ್ದರೆ ಇಲ್ಲ.

ನೀರು ಊರಿನ ಹತ್ತಿರ ಬಂದ ಮೇಲೆ ಮಣ್ಣಿನ ಕೊಳವೆಗಳಲ್ಲಿ ಹರಿಯುತ್ತಿತ್ತು. ಒಂದಕ್ಕೊಂದು ಸಿಕ್ಕಿಸಿ, ಸುತ್ತ ಗಚ್ಚು ಕಲ್ಲು ಕಟ್ಟಿ, ನೆಲದಾಳದಲ್ಲಿ ಹೂತ ಕೊಳವೆಗಳು. ಇಳಿಜಾರಿನಲ್ಲಿ ಮುಚ್ಚಿದ ಕೊಳವೆ ಹೋದಷ್ಟೂ ಒತ್ತಡ ಏರುತ್ತದೆ. ಹತ್ತು ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ. ಸುಟ್ಟ ಮಣ್ಣಿನ ಕೊಳವೆ ಅದನ್ನು ಎಷ್ಟು ತಡೆದೀತು? ಅದಕ್ಕೆ ಅವರು ಕಂಡುಕೊಂಡ ಉಪಾಯ ಗಂಜ್. ಊರಿನ ಅಲ್ಲಲ್ಲಿ ಓಣಿಗಳ ನಡುವೆ ಈಗಲೂ ಚೌಕಾಕಾರದ ಕಲ್ಲಿನ ಗೋಪುರಗಳು ನಿಂತಿವೆಯಲ್ಲ, ಹೊಸಬರು ಕಾವಲು ಬುರುಜು ಎಂದುಕೊಳ್ಳುತ್ತಾರೆ, ಅವೇ ಗಂಜ್. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ ತೆರೆದ ಗಾಳಿಗೆ ಬರುತ್ತದೆ. ಕೂಡಿಬಂದ ಒತ್ತಡ ಅಲ್ಲಿಗೆ ತೀರುತ್ತದೆ, ಸಿಕ್ಕಿದ್ದ ಗಾಳಿ ಹೊರಹೋಗುತ್ತದೆ, ಹೂಳು ತಳಕ್ಕೆ ಇಳಿಯುತ್ತದೆ. ಮುಂದಿನ ಕೊಳವೆಗೆ ಬೀಳುವುದು ಈ ಗೋಪುರದ ನೀರಿನ ಮಟ್ಟದ ಒತ್ತಡ ಮಾತ್ರ. ಒಂದು ಯಂತ್ರವಿಲ್ಲ, ಆಡುವ ಭಾಗವೊಂದಿಲ್ಲ. ಗೋಳಗುಮ್ಮಟ ಕಟ್ಟಿದ ಕೈಗಳ ಬಗ್ಗೆ ನಾವು ಬೆರಗಾಗುತ್ತೇವೆ, ಬೆರಗಾಗಬೇಕಾದದ್ದೇ. ಗಂಜ್ ಕಟ್ಟಿದವರೂ ಅಷ್ಟೇ ಬೆರಗಿಗೆ ತಕ್ಕವರು ಎಂದು ನಾನು ಹೇಳುತ್ತೇನೆ.

ತೊರವಿಯದು ಸಾಲದಾದಾಗ ಮೊಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿದರು. ಅಲ್ಲಿಂದಲೂ ನೆಲದೊಳಗಿನ ಕೊಳವೆ ಊರೊಳಗೆ ಬಂತು. ಕೋಟೆಯ ಒಳಗೆ ಬಾವಡಿಗಳು ಇದ್ದವು. ಶಹಾಪುರ ದರ್ವಾಜಾದ ಹತ್ತಿರ ಮೊದಲನೇ ಅಲಿ ಆದಿಲ್ ಶಾಹ ಚಾಂದಬೀಬಿಯ ಹೆಸರಿನಲ್ಲಿ ಕಟ್ಟಿಸಿದ ಚಾಂದ್ ಬಾವಡಿ, ಮಕ್ಕಾ ದರ್ವಾಜಾದ ಹತ್ತಿರ ಎರಡನೇ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಹೆಸರಿನ ತಾಜ್ ಬಾವಡಿ. ತಾಜ್ ಬಾವಡಿಯ ಒಂದೊಂದು ಬದಿ 200 ಅಡಿಗೂ ಹೆಚ್ಚು, ಆಳ 50 ಅಡಿಯ ಸುಮಾರು. ಬಾಗಿಲಲ್ಲಿ ಬಲುದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಗೋಪುರ, ಸುತ್ತ ದಾರಿಹೋಕರು ತಂಗುವ ಕೋಣೆಗಳು. ಊರಿಗೆ ಬಂದ ವ್ಯಾಪಾರಿಗೆ ಮೊದಲು ನೀರು, ಮೊದಲು ನೆರಳು.

ಅಕ್ಬರನ ರಾಯಭಾರಿಯಾಗಿ 1604ರ ಸುಮಾರಿಗೆ ಇಲ್ಲಿಗೆ ಬಂದ ಅಸದ್ ಬೇಗ್ ಈ ಊರಿನ ಬಜಾರವನ್ನು ಬಣ್ಣಿಸಿದ್ದಾನೆ. ಬೀದಿ ಅಗಲ, ಸಾಲಾಗಿ ಅಂಗಡಿ, ಪ್ರತಿ ಅಂಗಡಿಯ ಮುಂದೆ ಹಸಿರು ಮರ. ಆತ ಇಲ್ಲಿಂದ ಹೊಗೆಸೊಪ್ಪು ಒಯ್ದು ಅಕ್ಬರನಿಗೆ ತೋರಿಸಿದ ಎನ್ನುವುದು ಎಲ್ಲರೂ ನೆನೆಯುವ ಸಂಗತಿ. ನನ್ನ ಮನಸ್ಸು ಮಾತ್ರ ಆ ಮರಗಳ ಹತ್ತಿರ ನಿಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಅಂಗಡಿಗೊಂದು ಮರ ಇರಬೇಕಾದರೆ ದಿನವೂ ನೀರು ಹಾಕುವಷ್ಟು ನೀರು ಬೀದಿಗೆ ಬರುತ್ತಿತ್ತು ಎಂದೇ ಅರ್ಥ.

ಈ ನೀರು ಊರನ್ನು ಕಾಯಿತು ಕೂಡ. 1665ರ ಕೊನೆಗೆ ಮಿರ್ಜಾ ರಾಜಾ ಜೈಸಿಂಗ್ ಮೊಘಲ್ ಸೇನೆ ಕಟ್ಟಿಕೊಂಡು ಊರಿಗೆ ಕೆಲವೇ ಹರದಾರಿ ದೂರದವರೆಗೆ ಬಂದ. ಶಿವಾಜಿಯೂ ಆಗ ಅವನ ಜೊತೆಗಿದ್ದ. ಎರಡನೇ ಅಲಿ ಆದಿಲ್ ಶಾಹನ ಕಡೆಯವರು ಕೋಟೆಯ ಹೊರಗಿನ ಕೆರೆಗಳನ್ನು ಬರಿದು ಮಾಡಿ, ಬಾವಿಗಳನ್ನು ತುಂಬಿ, ಮರಗಳನ್ನು ಕಡಿದು ಸುತ್ತಲಿನ ನೆಲವನ್ನೆಲ್ಲ ಬಯಲು ಮಾಡಿದರು. ಹೊರಗೆ ಹನಿ ನೀರಿಲ್ಲ, ಒಳಗೆ ಬಾವಡಿಗಳು ತುಂಬಿವೆ. 1666ರ ಜನವರಿಯಲ್ಲಿ ಜೈಸಿಂಗ್ ಹಿಂದೆ ಸರಿದ. ಇಪ್ಪತ್ತು ವರ್ಷದ ಮೇಲೆ ಔರಂಗಜೇಬ ಬಂದಾಗಲೂ ಮುತ್ತಿಗೆ ಒಂದು ವರ್ಷ ಮೀರಿ ನಡೆಯಿತು, ಮಳೆ ಕೈಕೊಟ್ಟು ಹೊರಗಿನ ಪಾಳೆಯವೇ ಹಸಿವಿನಿಂದ ನರಳಿತು. 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್ ಶಾಹ ಶರಣಾದ.

ಆಮೇಲಿನದು ಬೇಗ ಹೇಳಿಬಿಡಬಹುದು. ಒಂದೆರಡು ವರ್ಷದಲ್ಲಿ ಪ್ಲೇಗು ಬಂತು, ಔರಂಗಜೇಬನ ಬೇಗಂ ಒಬ್ಬಳೂ ಅದಕ್ಕೆ ಬಲಿಯಾಗಿ ಇಲ್ಲೇ ಮಣ್ಣಾದಳು. ದರಬಾರು ಹೋಯಿತು, ಅದರ ಹಿಂದೆ ಕುಶಲಕರ್ಮಿಗಳು ಹೋದರು. ಅಸರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ರೈಲು 1884ರಲ್ಲಿ ಬಂತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು, ಹಳೆಯ ಮಹಲುಗಳೊಳಗೆ ಕಚೇರಿಗಳು ಕೂತವು. ಬಾವಡಿ, ಸುರಂಗಗಳಿಗೆ ಒಡೆಯ ಇಲ್ಲದಾದದ್ದು ಈ ನಡುವಿನಲ್ಲಿ. ಗುಮ್ಮಟ ಯಾರೂ ನೋಡಿಕೊಳ್ಳದಿದ್ದರೂ ನೂರಾರು ವರ್ಷ ನಿಲ್ಲುತ್ತದೆ. ಸುರಂಗಕ್ಕೆ ಪ್ರತಿ ವರ್ಷ ಆಳು ಇಳಿಯಬೇಕು.

ಈಗ ನಮ್ಮ ಕಾಲಕ್ಕೆ ಬರುತ್ತೇನೆ.

ನಲ್ಲಿ ಬರುವ ದಿನ ನೋಡಿ ಡ್ರಮ್ಮು, ಕೊಡ, ಹಂಡೆ ಎಲ್ಲ ಸಾಲಿಡುವ ಮನೆಗಳಲ್ಲಿ ನನ್ನದೂ ಒಂದು. ಆ ನೀರು ಕೊಲ್ಹಾರದ ಹತ್ತಿರ, ಆಲಮಟ್ಟಿಯ ಹಿನ್ನೀರು ನಿಲ್ಲುವಲ್ಲಿ, ಕೃಷ್ಣೆಯಿಂದ ಬರುತ್ತದೆ. ಆಲಮಟ್ಟಿ ಜಲಾಶಯ ತುಂಬಿ ತುಳುಕಿದಾಗಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ನಮ್ಮ ಊರು ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಂದರೆ ಜಲಾಶಯ ತುಂಬಿರುವ ಒಳ್ಳೆಯ ದಿನದಲ್ಲೂ ಪ್ರತಿ ಕೊಡ ನೀರನ್ನು 70 ಮೀಟರ್ ಮೇಲೆತ್ತಿ, ಹತ್ತಾರು ಕಿಲೋಮೀಟರ್ ತಳ್ಳಿ ತರಬೇಕು. ಕರೆಂಟು ಹೋದರೆ, ಪೈಪು ಒಡೆದರೆ ನೀರು ನಿಂತಿತು. ಕೃಷ್ಣೆಯ ನೀರು ಬೇಡ ಎನ್ನುವವಳಲ್ಲ ನಾನು. ಬರಗಾಲದಲ್ಲಿ ಟ್ಯಾಂಕರಿನ ಹಿಂದೆ ಓಡಿದ ಹೆಂಗಸರನ್ನು ಕಂಡವಳು, ಆ ನೀರು ನಮ್ಮ ಜೀವ ಎಂದು ಬಲ್ಲೆ. ಕುಡಿಯುವುದಕ್ಕೆ ಅದು ಇರಲಿ. ಆದರೆ ಬಟ್ಟೆ ತೊಳೆಯಲು, ಉದ್ಯಾನಕ್ಕೆ, ಮನೆ ಕಟ್ಟಲು, ಬೀದಿಯ ಗಿಡಕ್ಕೆ 70 ಮೀಟರ್ ಎತ್ತಿ ತಂದ ನೀರನ್ನೇ ಸುರಿಯಬೇಕೆ, ಊರೊಳಗೇ ಇಷ್ಟು ಬಾವಡಿ ಇಟ್ಟುಕೊಂಡು?

ಒಂದು ಒಳ್ಳೆಯ ಕೆಲಸ ನಡೆದಿದೆ, ಅದನ್ನು ಮನಸಾರೆ ಮೆಚ್ಚುತ್ತೇನೆ. 2017ರ ಹೊತ್ತಿಗೆ ತಾಜ್ ಬಾವಡಿ, ಚಾಂದ್ ಬಾವಡಿ ಸೇರಿ ಊರಿನ ಹಲವು ಬಾವಡಿಗಳ ಹೂಳು ತೆಗೆಸಿದರು. ದಶಕಗಳ ಕಾಲ ಪ್ಲಾಸ್ಟಿಕ್ಕು, ಹಳೆಯ ಬಟ್ಟೆ, ಗಣೇಶನ ಮೂರ್ತಿಗಳ ಬಣ್ಣದ ಮಣ್ಣು ತುಂಬಿ ಕೊಳೆತ ಜಾಗದಲ್ಲಿ ತಳ ಕಂಡಿತು, ತಿಳಿನೀರು ಜಿನುಗಿತು. ಅದನ್ನು ನೋಡಲು ಓಣಿ ಓಣಿಯ ಜನ ಬಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಂದು, ‘ಟೀಚರ್, ನೀರು ಎಲ್ಲಿಂದ ಬಂತು ಅಂತ ಕೇಳತಿದ್ರಲ್ರಿ, ಈಗ ಈಕಿ ನನ್ನ ಕೇಳಾಕತ್ತಾಳ’ ಅಂದ. 2019ರ ಕೊನೆಗೆ ಸುರಂಗ ಬಾವಡಿಯ ಹೆಸರು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಪ್ರಕಟಿಸಿದ ಕಾಳಜಿ ಪಟ್ಟಿಯಲ್ಲಿ ಬಂತು. ಹೊರಗಿನವರಿಗೂ ಇದರ ಬೆಲೆ ತಿಳಿಯಿತು.

ಆದರೆ ಹೂಳು ತೆಗೆದದ್ದು ಅರ್ಧ ಕೆಲಸ. ಉಳಿದ ಅರ್ಧ ಊರ ಹೊರಗೆ, ದಿಣ್ಣೆಯ ಮೇಲೆ ಇದೆ, ಅದರ ಕಡೆಗೆ ಯಾರ ಕಣ್ಣೂ ಹೊರಳಿಲ್ಲ.

ಸ್ಮಾರಕ ರಕ್ಷಣೆಯ ಕಾಯ್ದೆ ಏನು ಹೇಳುತ್ತದೆ ನೋಡಿ. 2010ರ ತಿದ್ದುಪಡಿಯಂತೆ ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಗೋಳಗುಮ್ಮಟಕ್ಕೆ, ಇಬ್ರಾಹಿಂ ರೋಜಾಕ್ಕೆ ಈ ಸುತ್ತು ಸರಿ. ಅವುಗಳ ಜೀವ ಅವುಗಳ ಗೋಡೆಯೊಳಗೇ ಇದೆ. ಬಾವಡಿಯ ಜೀವ ಹಾಗಲ್ಲ. ತಾಜ್ ಬಾವಡಿಯ ಕಮಾನಿನಿಂದ 300 ಮೀಟರ್ ತನಕ ಒಂದು ಕಲ್ಲೂ ಅಲುಗದಂತೆ ಕಾಯ್ದರೂ, ಪಡುವಣದ ದಿಣ್ಣೆಯ ಮೇಲಿನ ನೆಲವನ್ನು ಕಾಂಕ್ರೀಟಿನಿಂದ ಮುಚ್ಚಿಬಿಟ್ಟರೆ, ಇಂಗಬೇಕಾದ ಮಳೆ ಗಟಾರಿಗೆ ಹರಿದುಹೋದರೆ, ನಮಗೆ ಉಳಿಯುವುದು ಚೆಂದದ ಒಣ ಗುಂಡಿ. ಮೈ ಸ್ಮಾರಕವೆಂದು ಕಾಯ್ದು ನರ ಕತ್ತರಿಸಿದ ಹಾಗೆ.

ಊರು ಬೆಳೆಯುತ್ತಿದೆ, ಬೆಳೆಯಬೇಕು. ಪಡುವಣಕ್ಕೂ ಬೆಳೆಯುತ್ತಿದೆ. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳು ಎನ್‌.ಎ. (ಕೃಷಿಯೇತರ ಜಮೀನು) ಆಗಿ, ಕಲ್ಲು ನೆಟ್ಟು, ಸೈಟುಗಳಾಗುತ್ತಿವೆ. ಸುರಂಗದ ಮೇಲಿನ ಬಾವಿಗಳು ಇರುವುದು ಇಂಥ ಹೊಲಗಳಲ್ಲಿ. ಕೆಲವಕ್ಕೆ ಕಟ್ಟೆ ಉಳಿದಿದೆ, ಕೆಲವು ಮುಳ್ಳುಕಂಟಿಯೊಳಗೆ ಮುಚ್ಚಿಹೋಗಿವೆ, ಕೆಲವಕ್ಕೆ ರೈತರೇ ಆಕಳು ಎಮ್ಮೆ ಬೀಳದಿರಲೆಂದು ಕಲ್ಲು ಮಣ್ಣು ಹಾಕಿದ್ದಾರೆ. ತೊರವಿಯ ಕಡೆಯ ಹಿರಿಯರೊಬ್ಬರು ತಮ್ಮ ಹೊಲದ ಬದುವಿನಲ್ಲಿದ್ದ ಅಂಥದೊಂದು ಬಾವಿ ತೋರಿಸಿ ಹೇಳಿದರು: ‘ಅಕ್ಕಾರ, ನಮ್ಮಪ್ಪನ ಕಾಲಕ್ಕ ಇದರಾಗ ಕಲ್ಲು ಒಗದ್ರ ನೀರಿನ ಸಪ್ಪಳ ಬರತಿತ್ತು. ಈಗ ಬರೂದಿಲ್ಲ. ನಾ ಮುಚ್ಚಿಲ್ಲ ಮತ್ತ, ನನ್ನ ಮಕ್ಕಳು ಏನ ಮಾಡತಾರೋ ಗೊತ್ತಿಲ್ಲ.’ ಅವರ ಮಕ್ಕಳನ್ನು ದೂರುವ ಹಕ್ಕು ನಮಗಿಲ್ಲ. ಆ ಬಾವಿ ಸರಕಾರಿ ದಾಖಲೆಯ ಯಾವ ಕಾಗದದಲ್ಲಿದೆ? ಉತಾರದಲ್ಲಿ ಕಾಣದ ವಸ್ತುವನ್ನು ಕಾಯಿರಿ ಎಂದು ರೈತನಿಗೆ ಹೇಳುವುದು ಯಾವ ನ್ಯಾಯ?

ಇನ್ನೊಂದು ತೊಡಕು ಒಡೆತನದ್ದು. ಬಾವಡಿಗಳಲ್ಲಿ ಕೆಲವು ಪುರಾತತ್ವ ಇಲಾಖೆಯ ಕೈಯಲ್ಲಿ, ಕೆಲವು ಮಹಾನಗರ ಪಾಲಿಕೆಯ ಕೈಯಲ್ಲಿ, ಕೆಲವು ಖಾಸಗಿ ಜಾಗದಲ್ಲಿ. ಗಂಜ್‌ಗಳು ಓಣಿಯ ನಡುವೆ. ಸುರಂಗ ರೈತರ ಹೊಲದ ಕೆಳಗೆ. ಕೆರೆ ಬೇರೆ ಇಲಾಖೆಯದು. ಕಟ್ಟಿದವರಿಗೆ ಇದೆಲ್ಲ ಒಂದೇ ಕೆಲಸವಾಗಿತ್ತು, ತೊರವಿಯಲ್ಲಿ ತಪ್ಪಿದರೆ ಮಕ್ಕಾ ದರ್ವಾಜಾದಲ್ಲಿ ಗೊತ್ತಾಗುತ್ತಿತ್ತು. ಈಗ ಒಬ್ಬರ ಅಂಗಳದಲ್ಲಿ ಆದದ್ದು ಇನ್ನೊಬ್ಬರ ಕಡತಕ್ಕೆ ಬರುವುದೇ ಇಲ್ಲ. ಆದ್ದರಿಂದ ನನ್ನ ಮುಖ್ಯ ಬೇಡಿಕೆ ಇದು: ತೊರವಿಯ ದಿಣ್ಣೆಯಿಂದ ಕೋಟೆಯೊಳಗಿನ ಕೊನೆಯ ಗಂಜ್‌ವರೆಗೆ ಇಡೀ ನೀರಿನ ದಾರಿಯನ್ನು ಒಂದೇ ಸ್ಮಾರಕ ಎಂದು ಸಾರಬೇಕು. ಒಂದೇ ನಕಾಶೆ, ಹೊಣೆ ಹೊರುವ ಒಬ್ಬರೇ ಅಧಿಕಾರಿ. ದಿಣ್ಣೆಯ ಮೇಲಿನ ನೀರಿಂಗುವ ನೆಲವನ್ನು ನಗರದ ಮಹಾಯೋಜನೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ, ಅಲ್ಲಿ ಲೇಔಟಿಗೆ ಅನುಮತಿ ನಿಲ್ಲಿಸಬೇಕು. ಹೊಲ ಹೊಲವಾಗಿಯೇ ಉಳಿಸಿಕೊಂಡ ರೈತನಿಗೆ ಪರಿಹಾರ ಕೊಡಬೇಕು. ಊರಿನ ನೀರಿಗಾಗಿ ಆತ ಸೈಟಿನ ದುಡ್ಡು ಬಿಟ್ಟುಕೊಡುತ್ತಾನೆ, ಬರಿಗೈಯಲ್ಲಿ ಬಿಟ್ಟುಕೊಡು ಎನ್ನಲಾಗದು.

ದುಡ್ಡು ಎಲ್ಲಿಂದ ಎಂದು ಕೇಳುವವರಿದ್ದಾರೆ. ಕೃಷ್ಣೆಯ ನೀರು ಎತ್ತುವ ಕರೆಂಟಿನ ಬಿಲ್ಲನ್ನು ಒಮ್ಮೆ ಪಕ್ಕಕ್ಕಿಟ್ಟು ಲೆಕ್ಕ ಹಾಕಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ಬಾವಡಿಯ ನೀರನ್ನು ಹತ್ತಿರದ ಓಣಿಗಳಿಗೆ ಬಳಕೆಗೆ ಕೊಟ್ಟರೆ ಅದರಲ್ಲಿ ಕಸ ಎಸೆಯುವ ಕೈಗಳೂ ತಡೆಯುತ್ತವೆ. ಉಪಯೋಗಕ್ಕೆ ಬೀಳದ ಬಾವಡಿಗೆ ಬೇಲಿ ಹಾಕಿ ಬೀಗ ಹಾಕಿದರೆ ಬೀಗದ ಮೇಲಿನಿಂದ ಕಸ ಬೀಳುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ.

ಈ ಊರು ಯಾರದು ಎಂಬ ವಾದ ಎದ್ದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾದಾಗ ಹಳೆಯ ಶಾಸನಗಳ ಹೆಸರು ಮರಳಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಹಾಗೆಂದು ಆದಿಲ್ ಶಾಹಿಗಳ ಇನ್ನೂರು ವರ್ಷವನ್ನು ಹೊರಗಿನವರ ಕತೆ ಎಂದು ತಳ್ಳುವವರನ್ನು ಒಪ್ಪಲಾರೆ. ಕೋಟೆಯೊಳಗಿನ ಕರೀಮುದ್ದೀನ್ ಮಸೀದಿ 1320ರದು. ಅದನ್ನು ಕಟ್ಟಿದವನು ಹತ್ತಿರದ ಸಾಲೋಟಗಿಯ ರೇವೋಯ ಎಂಬ ಬಡಗಿ ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಎರಡನೇ ಇಬ್ರಾಹಿಂ 1599ರಲ್ಲಿ ಸಂಗೀತಕ್ಕೆಂದೇ ನವರಸಪುರ ಕಟ್ಟಲು ಹೊರಟದ್ದು ತೊರವಿಯ ಬದಿಯಲ್ಲಿ, ನರಸಿಂಹನ ಗುಡಿಯಿಂದ ಬಹಳ ದೂರವಲ್ಲ. ಆತನ ಕಿತಾಬ್-ಎ-ನವರಸ್ ಸರಸ್ವತಿಯನ್ನೂ ಗಣಪತಿಯನ್ನೂ ನೆನೆಯುತ್ತದೆ. 1624ರಲ್ಲಿ ಮಲಿಕ್ ಅಂಬರ್ ಆ ಊರನ್ನು ಹಾಳುಗೆಡವಿದ, ಸಂಗೀತ ಮಹಲಿನ ಗೋಡೆಗಳು ಮಾತ್ರ ಉಳಿದಿವೆ. ತೊರವೆ ರಾಮಾಯಣದ ಕವಿ, ಕರೇಜ್ ತೋಡಿದವರು, ವೀಣೆ ತಂಬೂರಿಯ ಅರಸ, ಎಲ್ಲರೂ ಅದೇ ದಿಣ್ಣೆಗೆ ಬಂದರು. ನೀರು ಇದ್ದದ್ದು ಅಲ್ಲಿ.

ಮೊದಲ ಹೆಜ್ಜೆಗೆ ದೊಡ್ಡ ಹಣ ಬೇಡ, ಒಂದು ಬೇಸಿಗೆ ಸಾಕು. ತೊರವಿಯಿಂದ ಊರವರೆಗೆ ಸುರಂಗದ ಮೇಲಿನ ಪ್ರತಿ ಬಾವಿಯನ್ನು ನಡೆದು ಹುಡುಕಿ, ಅಳೆದು, ಸರ್ವೆ ನಂಬರಿನೊಂದಿಗೆ ಉತಾರದಲ್ಲಿ ಬರೆಸುವುದು. ಊರಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಬಂದರೆ ಅಳತೆಯ ಕೆಲಸ ಆಗುತ್ತದೆ, ಯಾವ ಬದುವಿನಲ್ಲಿ ಬಾವಿ ಇತ್ತು ಎಂದು ಹೇಳಲು ತೊರವಿಯ ಹಿರಿಯರು ಇನ್ನೂ ಇದ್ದಾರೆ. ಸಹಾಯಕ ಆಯುಕ್ತರ ಕಚೇರಿಯಿಂದ ಒಂದು ಆದೇಶ, ಭೂಮಾಪನ ಇಲಾಖೆಯಿಂದ ಒಬ್ಬ ಸರ್ವೇಯರ್ ಬೇಕು. ಮುಂದಿನ ಮಹಾಯೋಜನೆಯ ಕರಡು ಜನರ ಮುಂದೆ ಬರುವಷ್ಟರಲ್ಲಿ ಆ ಪಟ್ಟಿ ಸಿದ್ಧವಿರಬೇಕು, ಏಕೆಂದರೆ ಆಕ್ಷೇಪಣೆ ಸಲ್ಲಿಸುವವರ ಕೈಯಲ್ಲಿ ಸರ್ವೆ ನಂಬರು ಇಲ್ಲದಿದ್ದರೆ ಯಾವ ಕಚೇರಿಯೂ ಆ ಅರ್ಜಿಯನ್ನು ಓದುವುದಿಲ್ಲ.